ಹೃದಯದ ಕೀರ್ತಿ, ರಕ್ತಕಣದ ದುಡಿಮೆ

ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ಮುಂಜಾನೆ ಸುತ್ತುಹಾಕುವ ಗೃಹಸ್ಥರನ್ನೂ ಇಂದಿರಾನಗರದ ಜಿಮ್ಮುಗಳಲ್ಲಿ ಬೆವರು ಸುರಿಸುವ ತರುಣರನ್ನೂ ವ್ಯಾಯಾಮವೇಕೆಂದು ಕೇಳಿದರೆ, ‘ಹಾರ್ಟಿಗೆ ಒಳ್ಳೆಯದು’ ಎಂಬ ಒಂದೇ ಉತ್ತರ ಬರುತ್ತದೆ. ಉತ್ತರ ಸುಳ್ಳೇನಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆಯೆಂದು ಸಂಶೋಧಕ ಜೆರೆಮಿ ಮಾರಿಸ್ 1953ರಲ್ಲಿ ತೋರಿಸಿದಂದಿನಿಂದ ಅದಕ್ಕೆ ಆಧಾರಗಳು ಬೆಳೆಯುತ್ತಲೇ ಬಂದಿವೆ. ನನ್ನ ತಕರಾರು ಬೇರೆ. ಕೀರ್ತಿಯೆಲ್ಲ ಹೃದಯದ ಪಾಲಾಗಿ, ಯಾವುದನ್ನು ಸಾಗಿಸಲೆಂದು ಆ ಹೃದಯ ಮಿಡಿಯುತ್ತಿದೆಯೋ ಆ ರಕ್ತಕಣ ಅನಾದರಕ್ಕೆ ಗುರಿಯಾಗಿದೆ. ಈ ಪಕ್ಷಪಾತದಿಂದಲೇ ನಮ್ಮ ವ್ಯಾಯಾಮಚರ್ಚೆ ದಾರಿ ತಪ್ಪಿದೆ.

ಕೆಂಪು ಕಣದ ಸಂಸಾರವನ್ನು ತುಸು ಸಮೀಪದಿಂದ ನೋಡತಕ್ಕದ್ದು. ಪಕ್ವವಾಗುವಷ್ಟರಲ್ಲಿ ಅದು ಕೋಶಕೇಂದ್ರವನ್ನೂ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಗಳನ್ನೂ ತ್ಯಜಿಸಿರುತ್ತದೆ. ಹೊತ್ತೊಯ್ಯುವ ಆಮ್ಲಜನಕವನ್ನು ತನ್ನ ಶಕ್ತಿಗಾಗಿ ಬಳಸಿಕೊಳ್ಳದೆ, ಗ್ಲೂಕೋಸಿನ ಒಂದು ಅಣುವನ್ನು ಲ್ಯಾಕ್ಟೇಟಿನವರೆಗೆ ಒಡೆದರೆ ಶಕ್ತಿಯ ನಾಣ್ಯಗಳಾದ ಎಟಿಪಿ ಅಣುಗಳು ನಿವ್ವಳ ಎರಡೇ ದೊರೆಯುವ ಆದಾಯದಲ್ಲಿ, ಸುಮಾರು 120 ದಿನಗಳ ಆಯುಸ್ಸನ್ನು ಕಳೆಯುತ್ತದೆ. ಈ ದಾರಿದ್ರ್ಯದಲ್ಲಿಯೂ ಅದು ಗ್ಲೂಕೋಸಿನ ಒಂದು ಪಾಲನ್ನು ಅಡ್ಡದಾರಿಗೆ ತಿರುಗಿಸಿ, ಎಟಿಪಿ ಹುಟ್ಟಬೇಕಾಗಿದ್ದ ಹಂತವೊಂದನ್ನೇ ಬಿಟ್ಟುಕೊಟ್ಟು, 2,3-ಬಿಪಿಜಿ ಎಂಬ ದ್ರವ್ಯವನ್ನು ಸಿದ್ಧಪಡಿಸುತ್ತದೆ. ಅದು ಆಮ್ಲಜನಕದ ಮೇಲೆ ಹಿಮೋಗ್ಲೋಬಿನ್ನಿಗಿರುವ ಹಿಡಿತವನ್ನು ಸಡಿಲಿಸದೆ ಹೋದರೆ, ಉಗ್ರಾಣ ತುಂಬಿದ್ದೂ ಬಡಿಸುವವನ ಕೈ ಬಿಗಿಯಾದ ಮದುವೆಮನೆಯಂತೆ, ಆಮ್ಲಜನಕ ಸ್ನಾಯುವಿನ ಬಳಿಗೆ ಬಂದೂ ಸಾಕಷ್ಟು ಇಳಿಯದು.

ನಾವು ಬಿರುಸಾಗಿ ನಡೆದಾಗ ದುಡಿಯುವ ಸ್ನಾಯುವಿನ ಶಾಖವೂ ಆಮ್ಲತೆಯೂ ಆ ಹಿಡಿತವನ್ನು ಮತ್ತಷ್ಟು ಸಡಿಲಿಸುತ್ತವೆ. ಆಮ್ಲಜನಕವನ್ನು ಇಳಿಸಿದ ಕಣ ತನ್ನ ಅಲ್ಪ ಎಟಿಪಿಯಲ್ಲಿಯೂ ಸ್ವಲ್ಪವನ್ನು ಹೊರಸೂಸುತ್ತದೆ; ಅದನ್ನು ಗ್ರಹಿಸಿದ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ನಾಳವನ್ನು ಹಿಗ್ಗಿಸುತ್ತದೆ. ರಕ್ತಕ್ಕೆ ಸೇರಿದ ಲ್ಯಾಕ್ಟೇಟೂ ವ್ಯರ್ಥವಾಗದೆ ಹೃದಯಸ್ನಾಯುವಿಗೆ ಇಂಧನವಾಗುತ್ತದೆ. ಒಮ್ಮೆಯ ವ್ಯಾಯಾಮದಿಂದ 2,3-ಬಿಪಿಜಿ ಏರುವುದೇ ಎಂಬಲ್ಲಿ ಸಂಶೋಧಕರಲ್ಲಿ ಏಕಮತವಿಲ್ಲ. ಆದರೆ ತಿಂಗಳುಗಟ್ಟಲೆ ನಡೆದ ಅಭ್ಯಾಸದಿಂದ ಪ್ಲಾಸ್ಮಾ ಹೆಚ್ಚುವುದೂ, ಒಟ್ಟು ಹಿಮೋಗ್ಲೋಬಿನ್ ಬೆಳೆಯುವುದೂ, ಮುದಿ ಕಣಗಳಳಿದು ಎಳೆಯವುಗಳ ಪ್ರಮಾಣ ಏರುವುದೂ ತಿಳಿದ ಸಂಗತಿಗಳು.

ಈ ವಿವರಗಳ ಗೊಡವೆಗೆ ಹೋಗದೆ ತೀರ್ಪು ಕೊಡುವವರಲ್ಲಿ ಎರಡು ಪಂಗಡಗಳಿವೆ. ವ್ಯಾಯಾಮಪ್ರಿಯ ಚಿತ್ರನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ರ ಪ್ರಾಯದಲ್ಲಿ, ಹೃದಯಸ್ತಂಭನದಿಂದ ಅಗಲಿದಾಗ ನಾಡಿಗಾದ ಆಘಾತ ಸಹಜವಾದುದೇ. ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದ್ದರಲ್ಲಿಯೂ ಅವಿವೇಕವಿಲ್ಲ. ಆದರೆ ‘ಜಿಮ್ಮಿಗೆ ಹೋದರೆ ಹೀಗೆಯೇ’ ಎಂದು ಸಾರಿದವರು, ತೀವ್ರಶ್ರಮದ ಕ್ಷಣದಲ್ಲಿ ಅಪಾಯ ಕಿಂಚಿತ್ತು ಏರುವುದೆಂಬ ಅರ್ಧವನ್ನು ಹೇಳಿ, ನಿತ್ಯಾಭ್ಯಾಸವು ಆ ಅಪಾಯವನ್ನೇ ತಗ್ಗಿಸುತ್ತದೆಂಬ ಉಳಿದರ್ಧವನ್ನು ನುಂಗಿದರು. ಇನ್ನೊಂದು ಪಂಗಡದವರು ಪುಡಿ, ಮಾತ್ರೆ, ಪ್ಯಾಕೇಜುಗಳ ಮೂಲಕ ರಕ್ತದ ಮೈಟೋಕಾಂಡ್ರಿಯಗಳನ್ನು ಉದ್ಧರಿಸುವೆವೆನ್ನುತ್ತಾರೆ. ರಕ್ತಕಣಗಳಲ್ಲಿ ಬಹುಪಾಲು ಕೆಂಪು ಕಣಗಳೇ. ಅವುಗಳಲ್ಲಿ ಮೈಟೋಕಾಂಡ್ರಿಯವೇ ಇಲ್ಲ. ಬಿಳಿಕಣಗಳಲ್ಲಿ, ಪ್ಲೇಟ್‌ಲೆಟ್ಟುಗಳಲ್ಲಿ ಇವೆ, ನಿಜ. ದೇಹದಾರ್ಢ್ಯಕ್ಕೆ ಅವು ಕನ್ನಡಿಯಾದಾವೇ ಎಂಬ ಪರೀಕ್ಷೆ ಇನ್ನೂ ಪ್ರಯೋಗಶಾಲೆಯಲ್ಲಿ ನಡೆದಿರುವಾಗ ಅಂಗಡಿಯಲ್ಲಿ ಫಲ ಮಾರುವುದು ಯಾವ ನ್ಯಾಯ? ಇವರಿಬ್ಬರ ನಡುವೆ ಹತ್ತುಸಾವಿರ ಹೆಜ್ಜೆಗಳನ್ನು ಜಪದಂತೆ ಎಣಿಸುವವರಿದ್ದಾರೆ. ಆ ಸಂಖ್ಯೆಯಾದರೋ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕವೊಂದರ ಹೆಸರಿನಿಂದ ಪ್ರಚಾರ ಪಡೆದದ್ದು, ವೈದ್ಯಶಾಸ್ತ್ರದ ಸೂತ್ರವಲ್ಲ.

ಕೆರೆಯ ದಂಡೆಯ ನಡಿಗೆಯಲ್ಲಿ ಸಖ್ಯವಿದೆ, ಕ್ರಮವಿದೆ. ಸುಮ್ಮನೆ ಕೂರುವುದಕ್ಕಿಂತ ಅದು ಲೇಸೇ. ಆದರೂ ಸೈಟಿನ ಬೆಲೆಯನ್ನು ಚರ್ಚಿಸುತ್ತ ಮೂರು ಬಾರಿ ನಿಲ್ಲುವ ಆ ಪ್ರದಕ್ಷಿಣೆ ರಕ್ತವನ್ನು ಏನೂ ಕೇಳುವುದಿಲ್ಲ. ಮಾತಾಡಲಾದೀತು, ಹಾಡಲಾಗದು ಎಂಬಷ್ಟು ಉಸಿರು ಏರಿದಾಗಲೇ ಮೇಲೆ ಹೇಳಿದ ವ್ಯಾಪಾರವೆಲ್ಲ ಚುರುಕಾಗುವುದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಕೇಳುವುದು ಅಂತಹ ಶ್ರಮವನ್ನೇ.

ರಕ್ತಕಣವನ್ನು ಮರೆತ ತಪ್ಪಿಗೆ ದಂಡ ತೆರುವವರು ಬೇರೆಯವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನರೆಂದು ಕಂಡುಬಂತು. ಕೆ.ಆರ್.ಪುರದಲ್ಲಿ ರೈಲಿಳಿದು ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವ ಅಂಥವಳೊಬ್ಬಳಿಗೆ ‘ದಿನಾ ವಾಕಿಂಗ್ ಮಾಡಮ್ಮ’ ಎನ್ನುವುದು ಉಪದೇಶವಲ್ಲ, ಉಪೇಕ್ಷೆ. ಹೊರುವ ಕಣಗಳು ಕಡಿಮೆಯಾದ ಕೊರತೆಯನ್ನು ತುಂಬಲು ಅವಳ ಹೃದಯ ಆಗಲೇ ಹೆಚ್ಚು ಮಿಡಿಯುತ್ತಿದೆ. ಅವಳಿಗೆ ಮೊದಲು ಹಿಮೋಗ್ಲೋಬಿನ್ ಪರೀಕ್ಷೆಯಾಗಲಿ, ಬೇಕಾದರೆ ಕಬ್ಬಿಣಾಂಶದ ಮಾತ್ರೆ ದೊರೆಯಲಿ. ನಡಿಗೆಯ ಉಪದೇಶ ಆಮೇಲೆ. ಈ ಕ್ರಮವನ್ನರಿಯದ ವ್ಯಾಯಾಮಬೋಧನೆ, ಎಷ್ಟೇ ಪ್ರಖ್ಯಾತವಾಗಿರಲಿ, ಉಂಡವರಿಗೆ ಮಾತ್ರ ಹೇಳಿದ ಶಾಸ್ತ್ರ.