ಉಜ್ಬೆಕ್ ಭಾಷೆಯ ಪ್ರವೇಶಪಾಠಗಳು ಮತ್ತು ನವಾಯಿಯ ಓದು

ಮಧ್ಯಕಾಲೀನ ಕನ್ನಡ ಸಾಹಿತ್ಯವನ್ನು ಬಹುಕಾಲ ಓದಿ, ಓದಿಸಿಕೊಂಡು ಬಂದ ನಾವು ಐವತ್ತು ದಾಟಿದ ಮೇಲೆ ಉಜ್ಬೆಕ್ ಭಾಷೆಯ ಅಕ್ಷರಾಭ್ಯಾಸಕ್ಕೆ ಕುಳಿತುದಕ್ಕೆ ಕಾರಣ ನಮ್ಮದೇ ಒಂದು ತಪ್ಪು ಅನುವಾದ. ಹೆರಾತಿನ ಕವಿ ಅಲೀಶೇರ್ ನವಾಯಿಯ (1441-1501) ಕೆಲವು ಗಜಲುಗಳನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತಂದು ಒಂದು ವಿಚಾರಸಂಕಿರಣದಲ್ಲಿ ಮಂಡಿಸಿದ್ದೆವು. ಇಂಗ್ಲಿಷ್ ಅನುವಾದವು ಪ್ರೀತಿಪಾತ್ರ ವ್ಯಕ್ತಿಯನ್ನು ಸ್ತ್ರೀ ಎಂದೇ ಗ್ರಹಿಸಿತ್ತು. ನಾವೂ 'ಅವಳು' ಎಂದೇ ಬರೆದು, ಅದರ ಆಧಾರದ ಮೇಲೆ ನವಾಯಿಯ ಪ್ರೇಮಭಾವವು ನಮ್ಮ ಶರಣಸತಿ-ಲಿಂಗಪತಿ ಭಾವಕ್ಕೆ ವಿಲೋಮವಾದುದೆಂದು ಸಾಕಷ್ಟು ದೀರ್ಘವಾಗಿಯೇ ಪ್ರತಿಪಾದಿಸಿದೆವು. ಉಜ್ಬೆಕ್ ಪ್ರವೇಶಪುಸ್ತಕದ ಆರಂಭದ ಪಾಠಗಳಲ್ಲೇ ಆ ಪ್ರತಿಪಾದನೆ ಬಿದ್ದುಹೋಯಿತು. ಆ ಭಾಷೆಯಲ್ಲಿ 'ಉ' ಎಂಬ ಒಂದೇ ಸರ್ವನಾಮವು ಅವನು, ಅವಳು, ಅದು ಎಂಬ ಮೂರಕ್ಕೂ ಸಲ್ಲುತ್ತದೆ. 'ಕೆಲ್ದಿ' ಎಂಬ ಕ್ರಿಯಾಪದ ಬಂದನು, ಬಂದಳು, ಬಂದಿತು ಎಲ್ಲವೂ ಹೌದು. ನವಾಯಿಯ ಭಾಷೆಯ ಸ್ಥಿತಿಯೂ ಇದೇ. ನಾವು ವ್ಯಾಖ್ಯಾನಿಸಿದ ಸ್ತ್ರೀ ಕವಿಯವಳಲ್ಲ, ಅನುವಾದಕರವಳು. ಆ ಪ್ರಬಂಧದ ಆ ಭಾಗವನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತೇವೆ. ಕನ್ನಡವೂ ಪ್ರಥಮಪುರುಷದಲ್ಲಿ ಲಿಂಗವನ್ನು ಹೇಳದೆ ಬಿಡದ ಭಾಷೆಯಾದ್ದರಿಂದ, ಗಜಲನ್ನು 'ನೀನು' ಎಂಬ ಸಂಬೋಧನೆಗೆ ತಿರುಗಿಸುವುದೊಂದೇ ಸದ್ಯಕ್ಕೆ ನಮಗೆ ತೋರುವ ದಾರಿ.

ನಮ್ಮ ಕೈಗೆ ಬಂದ ಪ್ರವೇಶಪುಸ್ತಕಗಳೆಲ್ಲವೂ ಇಂಗ್ಲಿಷಿನವು. ಅವುಗಳ ಬಗೆಗೆ ನಮ್ಮ ಮುಖ್ಯ ಆಕ್ಷೇಪಣೆ ಇದು: ಇಂಗ್ಲಿಷ್ ಬಲ್ಲವನಿಗೆ ವಿಚಿತ್ರವಾಗಿ ತೋರುವುದನ್ನೆಲ್ಲ ಅವು ಭಾಷೆಯ ಕಾಠಿಣ್ಯವೆಂದು ಹೆಸರಿಸುತ್ತವೆ. ಕನ್ನಡಿಗನು ಆ ಎಚ್ಚರಿಕೆಗಳನ್ನು ನಂಬಿ ನಡೆದರೆ ತನ್ನ ಮನೆಯ ಬಾಗಿಲನ್ನೇ ತಾನು ತಟ್ಟುತ್ತ ನಿಲ್ಲಬೇಕಾಗುತ್ತದೆ. 'ದೆಬ್' ಎಂಬ ರೂಪವನ್ನು ಪರಿಶೀಲಿಸೋಣ. (ಉಜ್ಬೆಕ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಸ್ಥೂಲವಾಗಿ ಕೊಟ್ಟಿದ್ದೇವೆ. ಆಕಾರ ಓಕಾರಗಳ ನಡುವಿನ ಸ್ವರವನ್ನು 'ಓ' ಎಂದೂ ನಮ್ಮ ಒಕಾರಕ್ಕೆ ಹತ್ತಿರದ ಸ್ವರವನ್ನು 'ಒ' ಎಂದೂ ಬರೆದಿದ್ದೇವೆ.) ಹೇಳು ಎಂಬರ್ಥದ 'ದೆ' ಧಾತುವಿನ ಕೃದಂತ ಇದು. ಇಂಗ್ಲಿಷ್ ಪುಸ್ತಕಗಳು ಇದರ ಉಪಯೋಗಗಳನ್ನು ಬೇರೆ ಬೇರೆ ನಿಯಮಗಳಾಗಿ ವಿವರಿಸಲು ಹೆಣಗುತ್ತವೆ. ಕನ್ನಡಿಗನಿಗೆ ಬೇಕಾದುದು ಒಂದೇ ಮಾತು: ಇದು ನಮ್ಮ 'ಎಂದು'. 'ಕೆಲಮನ್ ದೆಬ್ ಐತ್ದಿ' ಎಂದರೆ 'ಬರುತ್ತೇನೆ ಎಂದು ಹೇಳಿದನು'. 'ಕಿತೋಬ್ ಓಲಯ್ ದೆಬ್ ಬೋಜೋರ್‌ಗ ಬೋರ್ದಿಮ್' ಎಂದರೆ 'ಪುಸ್ತಕ ಕೊಳ್ಳೋಣ ಎಂದು ಬಜಾರಿಗೆ ಹೋದೆ'. ಪದಕ್ಕೆ ಪದ, ಕ್ರಮಕ್ಕೆ ಕ್ರಮ ಹೊಂದಿಕೊಳ್ಳುತ್ತದೆ. ಹೇಳುವ ಕ್ರಿಯೆಯಿಂದ ಹುಟ್ಟಿದ ಅವ್ಯಯವು ಉದ್ದೇಶವನ್ನು ಹೇಗೆ ಸೂಚಿಸಬಲ್ಲದೆಂದು ಕನ್ನಡಿಗನಿಗೆ ಯಾರೂ ವಿವರಿಸಬೇಕಾಗಿಲ್ಲ.

ಸಂಯುಕ್ತ ಕ್ರಿಯಾಪದಗಳಲ್ಲಿ ಈ ಸಾಮ್ಯ ಇನ್ನೂ ಆಳವಾಗಿದೆ. 'ಯೋಜಿಬ್' ಎಂದರೆ 'ಬರೆದು'. 'ಯೋಜಿಬ್ ಕೊರ್ದಿ' - ಬರೆದು ನೋಡಿದ. 'ಯೋಜಿಬ್ ಬೆರ್ದಿ' - ಬರೆದುಕೊಟ್ಟ. 'ಯೋಜಿಬ್ ಓಲ್ದಿ' - ಬರೆದುಕೊಂಡ. 'ಯೋಜಿಬ್ ಕೊಯ್ದಿ' - ಬರೆದಿಟ್ಟ. ನೋಡು, ಕೊಡು, ಕೊಳ್ಳು, ಇಡು ಎಂಬ ಅದೇ ನಾಲ್ಕು ಧಾತುಗಳು ಅದೇ ನಾಲ್ಕು ಛಾಯೆಗಳಲ್ಲಿ ಇಲ್ಲಿ ಬಂದಿವೆ. ಅಬ್ದುಲ್ಲಾ ಕಾದಿರಿಯ ಪ್ರಸಿದ್ಧ ಕಾದಂಬರಿ 'ಒತ್ಕನ್ ಕುನ್ಲರ್' ಎಂಬುದರ ಹೆಸರನ್ನು 'ಕಳೆದ ದಿನಗಳು' ಎಂದರೆ ಪ್ರತ್ಯಯಕ್ಕೆ ಪ್ರತ್ಯಯ ಹೊಂದುತ್ತದೆ. 'ಚಹಾ ಗಿಹಾ' ಎನ್ನುವಲ್ಲಿ ಅವರು 'ಚೋಯ್ ಪೋಯ್' ಎನ್ನುತ್ತಾರೆ. ಅಣ್ಣ, ತಮ್ಮ, ಅಕ್ಕ, ತಂಗಿಯರನ್ನು ಹಿರಿ-ಕಿರಿಯತನದಿಂದ ಬೇರ್ಪಡಿಸಿಯೇ ಕರೆಯುತ್ತಾರೆ; ಪರಿಚಯದ ಹಿರಿಯರ ಹೆಸರಿನ ಮುಂದೆ ಅಣ್ಣನೆಂಬ 'ಅಕ', ಅಕ್ಕನೆಂಬ 'ಓಪ' ಸೇರಿಸುತ್ತಾರೆ. 'ಅಕ' ಎಂದರೆ ಅಣ್ಣ ಎಂಬುದನ್ನು ನೆನಪಿಡುವುದಕ್ಕೆ ಮಾತ್ರ ನಮಗೆ ಒಂದು ತಿಂಗಳು ಹಿಡಿಯಿತು.

ಇಷ್ಟರಿಂದ ಭಾಷಾಕುಟುಂಬದ ನಂಟನ್ನು ಕಲ್ಪಿಸುವ ಉತ್ಸಾಹ ಹುಟ್ಟುವುದು ಸಹಜ. ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳಿಗೆ 'ಸಿಥಿಯನ್' ಎಂದು ತಾನು ಕರೆದ ವರ್ಗದೊಡನೆ ಸಂಬಂಧವನ್ನು ಊಹಿಸಿದ್ದುಂಟು. ಇಂದಿನ ಭಾಷಾವಿಜ್ಞಾನ ಅದನ್ನು ಸ್ಥಾಪಿತ ಸತ್ಯವೆಂದು ಒಪ್ಪುವುದಿಲ್ಲ. 'ಗ' ಮತ್ತು 'ಗೆ' ಎಂಬ ಚತುರ್ಥೀ ಪ್ರತ್ಯಯಗಳ ಹೋಲಿಕೆಯಂತೂ ಆಕಸ್ಮಿಕವೆಂದೇ ತಿಳಿಯತಕ್ಕದ್ದು. ರಚನಾಸಾಮ್ಯವು ಕಲಿಯುವವನಿಗೆ ಊರುಗೋಲು, ವಂಶಾವಳಿಯಲ್ಲ.

ಊರುಗೋಲು ಎಲ್ಲ ಕಡೆಯೂ ನೆಲ ಮುಟ್ಟುವುದಿಲ್ಲ. 'ಯೋಜಿಬ್ ಓಲ್ದಿ' ಎಂದರೆ ಬರೆದುಕೊಂಡ. 'ಯೋಜ ಓಲ್ದಿ' ಎಂದರೆ ಬರೆಯಲು ಶಕ್ತನಾದ. ಹಿಂದಿನ ಕೃದಂತ ಬದಲಾದರೆ ಕೊಳ್ಳುವಿಕೆ ಸಾಮರ್ಥ್ಯವಾಗಿ ಮಾರ್ಪಡುತ್ತದೆ. ನಡೆಯುತ್ತಿರುವ ಕ್ರಿಯೆಯನ್ನು ಹೇಳಲು ನಮಗೆ 'ಇರು' ಒಂದೇ ಸಾಕು; ಉಜ್ಬೆಕ್ಕಿನಲ್ಲಿ ನಿಲ್ಲು, ಕೂರು, ಮಲಗು, ನಡೆ ಎಂಬ ನಾಲ್ಕು ಧಾತುಗಳಲ್ಲಿ ಒಂದನ್ನು ಆರಿಸಬೇಕು. 'ಕೆಲಿಬ್ದಿ' ಎಂದರೆ 'ಬಂದನಂತೆ' ಎಂದು ನಾವು ಮೊದಲು ಬರೆದುಕೊಂಡೆವು. ಆದರೆ ನಮ್ಮ 'ಅಂತೆ' ಕೇಳಿ ತಿಳಿದುದಕ್ಕೆ ಮಾತ್ರ ಸಲ್ಲುತ್ತದೆ. ಅವರ ರೂಪವು ಬಾಗಿಲಲ್ಲಿ ಬಿಟ್ಟ ಪಾದರಕ್ಷೆಯನ್ನು ಕಂಡು 'ಓ, ಬಂದಿರುವ ಹಾಗಿದೆ' ಎಂದು ಊಹಿಸುವುದಕ್ಕೂ ಸಲ್ಲುತ್ತದೆ. ಹೈದರಾಬಾದಿನಲ್ಲೋ ಕಲಬುರಗಿ, ಬೀದರಗಳಲ್ಲೋ ಬೆಳೆದವರಿಗೆ ಪಾರಸಿ-ಅರಬ್ಬೀ ಮೂಲದ ಪದಗಳು ಒದಗಿಬರುತ್ತವೆ ಎಂಬುದು ಅರ್ಧಸತ್ಯ. 'ಹೋಜಿರ್' ನಮ್ಮ 'ಹಾಜರ್' ಅಲ್ಲ, 'ಈಗ' ಎಂಬ ಅರ್ಥದ್ದು. 'ತಕ್ಲಿಫ್' ಎಂದರೆ ತೊಂದರೆಯಲ್ಲ, ಆಮಂತ್ರಣ.

ಇವೆಲ್ಲ ಶ್ರಮದಿಂದ ದಾಟಬಹುದಾದ ತೊಡಕುಗಳು. ಪ್ರವೇಶಪುಸ್ತಕಗಳು ಹೇಳದೆ ಬಿಡುವ ಇನ್ನೊಂದು ಸಂಗತಿ ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಗೆ ಹೆಚ್ಚು ಮುಖ್ಯವಾದುದು. ಮುನ್ನುಡಿಗಳಲ್ಲಿ ನವಾಯಿಯನ್ನು ಉಜ್ಬೆಕ್ ಸಾಹಿತ್ಯದ ಪಿತಾಮಹನೆಂದೂ ಅವನ ಭಾಷೆಯನ್ನು 'ಹಳೆಯ ಉಜ್ಬೆಕ್' ಎಂದೂ ಕರೆಯುವ ರೂಢಿಯಿದೆ. ನವಾಯಿಯು ತನ್ನ ಭಾಷೆಯನ್ನು ತುರ್ಕಿ ಎಂದನು. ಇತರೆಡೆಯ ವಿದ್ವಾಂಸರು ಅದನ್ನು ಚಗತಾಯಿ ಎನ್ನುತ್ತಾರೆ. ಅವನ ಕಾಲದಲ್ಲಿ 'ಉಜ್ಬೆಕ್' ಎಂಬುದು ಉತ್ತರದ ಹುಲ್ಲುಗಾವಲಿನಿಂದ ಬಂದ ಶೈಬಾನಿ ಖಾನನ ಜನರ ಹೆಸರು. ನವಾಯಿಯ ಹೆರಾತನ್ನು 1507ರಲ್ಲಿ ಗೆದ್ದವರು ಅವರೇ. ಬಾಬರನನ್ನು ಸಮರಕಂದದಿಂದ ಓಡಿಸಿದವರೂ ಅವರೇ. ಅಂದಿಜಾನಿನಲ್ಲಿ ಹುಟ್ಟಿದ ಬಾಬರನ ಆತ್ಮಕಥನ ಇಂದು ಉಜ್ಬೆಕ್ ಗದ್ಯದ ಶಿಖರವೆನಿಸಿದೆ. ಆ ಗ್ರಂಥದೊಳಗಾದರೋ ಉಜ್ಬೆಕನೆಂದರೆ ಶತ್ರು. ಹೆಸರನ್ನು ಹಿಂದಕ್ಕೆ ಚಾಚುವ ಹಕ್ಕು ಪ್ರತಿ ಭಾಷಾಸಮುದಾಯಕ್ಕೂ ಇದೆ. ಅಂದಿಜಾನಿನ ಆಡುಮಾತೂ ನವಾಯಿಯ ಬರಹದ ಭಾಷೆಯೂ ಒಂದೇ ಎಂದು ಬಾಬರನೇ ಸಾಕ್ಷ್ಯ ಹೇಳುವುದರಿಂದ ಈ ಹಕ್ಕು ನಿರಾಧಾರವೂ ಅಲ್ಲ. ನಮ್ಮ ಆಕ್ಷೇಪಣೆ ಹೆಸರಿನ ಮೇಲಲ್ಲ. ಇಂದಿನ ಪಾಠಗಳನ್ನು ಮುಗಿಸಿದವನು ನೇರವಾಗಿ ನವಾಯಿಯನ್ನು ಓದಬಹುದೆಂಬ ಭ್ರಮೆಯನ್ನು ಆ ಹೆಸರು ಹುಟ್ಟಿಸುತ್ತದೆ ಎಂಬುದರ ಮೇಲೆ.

ಓದಲಾಗದು ಏಕೆಂಬುದಕ್ಕೆ ಉತ್ತರ ಇಪ್ಪತ್ತನೆಯ ಶತಮಾನದ ಲಿಪಿಚರಿತ್ರೆಯಲ್ಲಿದೆ. ಅರಬ್ಬೀ ಲಿಪಿಯಲ್ಲಿದ್ದ ಭಾಷೆಗೆ 1920ರ ದಶಕದ ಕೊನೆಯಲ್ಲಿ ಲ್ಯಾಟಿನ್ ಲಿಪಿ ಬಂದಿತು. 1940ರಲ್ಲಿ ಅದನ್ನೂ ತೆಗೆದು ಸಿರಿಲಿಕ್ ತಂದರು. ಸ್ವಾತಂತ್ರ್ಯಾನಂತರ 1993ರ ಕಾಯಿದೆಯಿಂದ ಮತ್ತೆ ಲ್ಯಾಟಿನ್ ಬಂದು, 1995ರಲ್ಲಿ ಆ ವರ್ಣಮಾಲೆಯೂ ತಿದ್ದುಪಡಿಗೊಂಡಿತು. ಸಿರಿಲಿಕ್ ಇನ್ನೂ ಬಳಕೆಯಲ್ಲಿದೆ. ಇವು ಎಲ್ಲರೂ ಬಲ್ಲ ಸಂಗತಿಗಳು. ಅಷ್ಟಾಗಿ ಚರ್ಚೆಗೆ ಬಾರದ ವರ್ಷ 1934. ಮೊದಲ ಲ್ಯಾಟಿನ್ ವರ್ಣಮಾಲೆಯಲ್ಲಿ ಒಂಬತ್ತು ಸ್ವರಗಳಿದ್ದವು. ಆ ವರ್ಷ ಅವನ್ನು ಆರಕ್ಕೆ ಇಳಿಸಲಾಯಿತು. ತಾಷ್ಕೆಂಟ್ ಮೊದಲಾದ ನಗರಗಳ ಆಡುಮಾತಿನಲ್ಲಿ ಸ್ವರಸಾಮರಸ್ಯ ಅಳಿದಿದ್ದುದರಿಂದ ಆ ಕ್ರಮಕ್ಕೆ ಸಮರ್ಥನೆಯಿತ್ತು. ಹಳೆಯ ಕಾವ್ಯದ ಓದುಗನಿಗೆ ಅದರ ಪರಿಣಾಮ ಬೇರೆಯಾಯಿತು. 'ಒತ್' ಎಂದರೆ ಇಂದು ಬೆಂಕಿ, ಹುಲ್ಲು, ಪಿತ್ತ, ದಾಟು ಎಂಬ ಧಾತುವೂ ಅದೇ. ಹಿಂದೆ ಬೆಂಕಿಯ ಸ್ವರ ಬೇರೆ, ದಾಟುವುದರ ಸ್ವರ ಬೇರೆ. ಅರಬ್ಬೀ ಲಿಪಿಯಲ್ಲಿ ಇವೆರಡರ ಬರಹ ಒಂದೇ ಆಗಿದ್ದರೂ ಪ್ರತ್ಯಯವು ಗುಟ್ಟನ್ನು ಬಿಟ್ಟುಕೊಡುತ್ತಿತ್ತು: ಮುಂಸ್ವರದ ಧಾತುವಿಗೆ 'ಮೆಕ್', ಹಿಂಸ್ವರದ್ದಕ್ಕೆ 'ಮಕ್', ಒಂದು ಕಾಫ್ ಅಕ್ಷರದಿಂದ, ಇನ್ನೊಂದು ಖಾಫ್ ಅಕ್ಷರದಿಂದ. ಇಂದಿನ ಪಾಠದಲ್ಲಿ ಎಲ್ಲಕ್ಕೂ 'ಮೋಕ್' ಒಂದೇ. ನಾನಾರ್ಥಗಳ ಶ್ಲೇಷೆಯ ಮೇಲೆಯೇ ನಿಂತಿರುವ 'ತುಯುಗ್' ಎಂಬ ಚೌಪದಿಯನ್ನು ಈ ವ್ಯತ್ಯಾಸ ತಿಳಿಯದವನು ಹೇಗೆ ಆಸ್ವಾದಿಸಬೇಕು? ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಜೀವಿಸು ಎಂಬುದನ್ನು ಅರಿಯದೆ ಹಳಗನ್ನಡ ಕಾವ್ಯಕ್ಕೆ ಕೈಹಾಕುವ ವಿದ್ಯಾರ್ಥಿಯನ್ನು ನಾವು ತಡೆದು ನಿಲ್ಲಿಸುತ್ತೇವೆ. ಅವನಿಗೆ ೞಕಾರದ ಪಾಠವನ್ನು ಮೊದಲು ಹೇಳುವಂತೆ, ಉಜ್ಬೆಕ್ ಪ್ರವೇಶಪುಸ್ತಕವೂ ಅರಬ್ಬೀ ಲಿಪಿಯ ಮತ್ತು ಒಂಬತ್ತು ಸ್ವರಗಳ ಒಂದು ಅನುಬಂಧವನ್ನಾದರೂ ಕೊಡಬೇಕಿತ್ತು.

ನವಾಯಿಯು 1499ರಲ್ಲಿ ಬರೆದ 'ಮುಹಾಕಮತುಲ್ ಲುಗತೈನ್', ಅಂದರೆ ಎರಡು ಭಾಷೆಗಳ ನ್ಯಾಯವಿಚಾರಣೆ, ಕನ್ನಡ ಸಂಶೋಧಕರು ಮೂಲದಲ್ಲಿ ಓದಲೇಬೇಕಾದ ಗ್ರಂಥ. ಪಾರಸಿಗಿಂತ ತುರ್ಕಿ ಸಮರ್ಥವೆಂದು ಅಲ್ಲಿ ವಾದಿಸುತ್ತಾನೆ. ನೂರು ಕ್ರಿಯಾಪದಗಳ ಪಟ್ಟಿ ಕೊಟ್ಟು, ಅಳುವಿನ ಒಂದೊಂದು ಬಗೆಗೂ ತುರ್ಕಿಯಲ್ಲಿ ಒಂದೊಂದು ಮಾತಿದೆಯೆಂದು ತೋರಿಸುತ್ತಾನೆ. ಅಣ್ಣ-ತಮ್ಮಂದಿರಿಬ್ಬರಿಗೂ ಪಾರಸಿಯಲ್ಲಿ ಒಂದೇ ಪದ ಎಂಬುದು ಅವನ ಆಕ್ಷೇಪಗಳಲ್ಲೊಂದು. 1112ರ 'ಧರ್ಮಾಮೃತ'ದಲ್ಲಿ ಸಂಸ್ಕೃತವನ್ನು ಬೆರೆಸುವವರನ್ನು ಹಳಿದ ನಯಸೇನ ಇಲ್ಲಿ ನಮಗೆ ನೆನಪಾಗುವುದು ಸಹಜ. ಆದರೆ ನಯಸೇನನ ಚಿಂತೆ ಬೆರಕೆಯದು, ನವಾಯಿಯದು ಸಾಮರ್ಥ್ಯದ್ದು. ಈ ಭೇದವನ್ನು ತೌಲನಿಕ ಅಧ್ಯಯನದ ಹೆಸರಿನಲ್ಲಿ ಅಳಿಸಬಾರದು. ಬೆರಕೆಯ ವಿಷಯದಲ್ಲಿ ನವಾಯಿಗೆ ಸಂಕೋಚವೇ ಇಲ್ಲ. ಪಾರಸಿಯ ಮೇಲಿನ ಅವನ ಆರೋಪಪಟ್ಟಿಯೇ ಪಾರಸಿ-ಅರಬ್ಬೀ ಪದಗಳಿಂದ ಕಿಕ್ಕಿರಿದಿದೆ, 'ಫಾನಿ' ಎಂಬ ಅಂಕಿತದಲ್ಲಿ ಅವನು ಪಾರಸಿ ದಿವಾನನ್ನೂ ಬರೆದಿದ್ದಾನೆ. ಸಂಸ್ಕೃತ ಭೂಯಿಷ್ಠತೆಯಿಂದ ತಾನೂ ಪೂರ್ಣ ಬಿಡಿಸಿಕೊಳ್ಳದ ನಯಸೇನನೊಡನೆ ಅವನಿಗಿರುವ ನಿಜವಾದ ನಂಟು ಬಹುಶಃ ಇದೇ. ತತ್ಸಮಗಳನ್ನು ದೂರವಿಟ್ಟು ಕಾವ್ಯವನ್ನೇ ಕಟ್ಟಿದ ಆಂಡಯ್ಯನ ಹಟ ಅವನದಲ್ಲ.

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಈ ಕಲಿಕೆಗೆ ಒಂದು ಸ್ಥಳೀಯ ಕಾರಣವೂ ಉಂಟು. 'ಬಾಬರ್‌ನಾಮಾ'ದ ತುರ್ಕಿ ಮೂಲದ ಅತ್ಯಂತ ಮುಖ್ಯ ಹಸ್ತಪ್ರತಿಗಳಲ್ಲೊಂದು ದೊರೆತುದು ಹೈದರಾಬಾದಿನ ಸಾಲಾರ್ ಜಂಗರ ಗ್ರಂಥಭಂಡಾರದಲ್ಲಿ. ಆನೆಟ್ ಬೆವೆರಿಜ್ ಅದರ ಯಥಾಪ್ರತಿಯನ್ನು 1905ರಲ್ಲಿ ಪ್ರಕಟಿಸಿದರು. ಆ ಯಥಾಪ್ರತಿಯಲ್ಲಿ ನಾವು ಫರ್ಗಾನಾ ವರ್ಣನೆಯ ಮೊದಲ ಕೆಲವು ಪುಟಗಳನ್ನು ದಾಟಿದ್ದೇವೆ. ಅಂದಿಜಾನಿನ ಕಾಡುಕೋಳಿ ಎಷ್ಟು ಕೊಬ್ಬಿರುತ್ತದೆಂದರೆ ಒಂದನ್ನು ನಾಲ್ವರು ತಿಂದು ಮುಗಿಸಲಾರರು ಎಂಬ ಲೋಕವಾರ್ತೆಯನ್ನು ಬಾಬರನು ಅಲ್ಲಿ ಹೇಳುತ್ತಾನೆ. 'ಮುಗಿಸಲಾರರು' ಎಂಬಲ್ಲಿ ಸಾಮರ್ಥ್ಯದ 'ಓಲ್' ಪ್ರವೇಶಪುಸ್ತಕ ಕಲಿಸಿದಂತೆಯೇ ಇದೆ. 'ಎಂದು' ಬರಬೇಕಾದ ಕಡೆ ಮಾತ್ರ ನಾವು ಕಾದಿದ್ದ 'ದೆಬ್' ಇಲ್ಲ. 'ಹೇಳಿದರು' ಎಂಬ ಕ್ರಿಯೆ ಮೊದಲೇ ಬಂದು, ಪಾರಸಿಯ ಧಾಟಿಯಲ್ಲಿ 'ಕಿಮ್' ಎಂಬ ಕೊಂಡಿಯ ಮುಂದೆ ವಾರ್ತೆ ಬಿಚ್ಚಿಕೊಳ್ಳುತ್ತದೆ. ಈ 'ಕಿಮ್' ವಾಕ್ಯಗಳನ್ನು ನಾವು ಬೇರೊಂದು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೇವೆ. ಸದ್ಯಕ್ಕೆ ಆ ಪಟ್ಟಿ 'ದೆಬ್'ನ ಪಟ್ಟಿಗಿಂತ ಉದ್ದವಾಗಿದೆ.