ಕಾರ್ಬ್ಯುರೇಟರ್ ನಿಜಕ್ಕೂ ಸರಳವೇ?

ಹಳೆಯ ಕಾರಿಗೆ ಬೇರೊಂದು ಎಂಜಿನ್ ಕೂರಿಸಿ ಓಡಿಸುವುದು ಅಮೆರಿಕದಲ್ಲಿ ಬಹಳ ಕಾಲದಿಂದ ಬಂದ ಹವ್ಯಾಸ. ಈ ಕೆಲಸಕ್ಕೆ ಅಲ್ಲಿ ಹೆಚ್ಚಾಗಿ ಬಳಕೆಯಾಗುವ ಎಂಜಿನ್‌ಗಳಲ್ಲಿ ಜನರಲ್ ಮೋಟರ್ಸ್ 1997ರ ಶೆವರ್ಲೆ ಕಾರ್ವೆಟ್‌ನಲ್ಲಿ ಪರಿಚಯಿಸಿದ ಎಲ್‌ಎಸ್1 ಮತ್ತು ಅದರ ಕುಟುಂಬದವು ಮುಖ್ಯ. ಎಲ್‌ಎಸ್1ರ ಗಾತ್ರ 5.7 ಲೀಟರ್, ಸಿಲಿಂಡರ್‌ಗಳು ಎಂಟು. ಅದು ಹುಟ್ಟಿದ್ದೇ ಇಂಧನ ಇಂಜೆಕ್ಷನ್ ವ್ಯವಸ್ಥೆಯೊಂದಿಗೆ. ಆದರೂ ಎಷ್ಟೋ ಮಂದಿ ಆ ವ್ಯವಸ್ಥೆಯನ್ನು ಬಿಚ್ಚಿ ಬದಿಗಿಟ್ಟು, ಅದರ ಜಾಗದಲ್ಲಿ ಕಾರ್ಬ್ಯುರೇಟರ್ ಜೋಡಿಸುತ್ತಾರೆ. ಅವರು ಕೊಡುವ ಕಾರಣ ಒಂದೇ: ‘ಕಾರ್ಬ್ಯುರೇಟರ್ ಸರಳ, ಇಂಜೆಕ್ಷನ್ ಬರೀ ತಂತಿಗಳ ಗೋಜಲು’.

ಈ ವಾದ ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಪಠ್ಯಗಳಲ್ಲಿ ಬರ್ನೌಲಿ ತತ್ತ್ವದ ಉಪಯೋಗಗಳ ಪಟ್ಟಿಯಲ್ಲಿ ಕಾರ್ಬ್ಯುರೇಟರ್ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ವಿದ್ಯಾರ್ಥಿಯ ಮನಸ್ಸಿನಲ್ಲೂ ಅದೇ ‘ಸರಳ’ ಎಂಬ ಭಾವ ಉಳಿಯುತ್ತದೆ. ಆ ಪದವನ್ನು ಸ್ವಲ್ಪ ಒರೆಗೆ ಹಚ್ಚೋಣ.

ಮೊದಲು ತಂತಿಗಳ ವಿಷಯ. ಎಲ್‌ಎಸ್1ರಲ್ಲಿ ಹಳೆಯ ಎಂಜಿನ್‌ಗಳಂತೆ ಡಿಸ್ಟ್ರಿಬ್ಯೂಟರ್ ಇಲ್ಲ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ ಇದ್ದು, ಕ್ರ್ಯಾಂಕ್ ದಂಡದ ಸ್ಥಾನವನ್ನು ಸಂವೇದಕದಿಂದ ತಿಳಿದು ಗಣಕ ಕಿಡಿ ಹೊಡೆಸುತ್ತದೆ. ಇಂಜೆಕ್ಷನ್ ತೆಗೆದರೂ ಕಿಡಿ ಬೇಕಲ್ಲ! ಆದ್ದರಿಂದ ಕಾರ್ಬ್ಯುರೇಟರ್ ಹಾಕಿದವರು ಕಿಡಿಗಾಗಿಯೇ ಇನ್ನೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಕೊಂಡು ಜೋಡಿಸಬೇಕಾಗುತ್ತದೆ. ಗೋಜಲು ಕಡಿಮೆಯಾಗುತ್ತದೆ ನಿಜ, ಆದರೆ ಹೋಗುವುದಿಲ್ಲ. ಇಂಧನದ ಒತ್ತಡದ ವಿಚಾರದಲ್ಲಿ ಮಾತ್ರ ಅವರ ವಾದಕ್ಕೆ ತೂಕವಿದೆ. ಕಾರ್ಬ್ಯುರೇಟರಿಗೆ ಅರ್ಧ ಬಾರ್‌ಗಿಂತ ಕಡಿಮೆ ಒತ್ತಡ ಸಾಕು. ಈ ಎಂಜಿನ್‌ನ ಇಂಜೆಕ್ಟರುಗಳಿಗೆ ಸುಮಾರು 4 ಬಾರ್ ಬೇಕು. ಹಳೆಯ ಕಾರಿನ ಪಂಪು, ಕೊಳವೆ, ಕೆಲವೊಮ್ಮೆ ಟ್ಯಾಂಕನ್ನೂ ಬದಲಿಸಬೇಕು. ಇದು ದುಬಾರಿ ಕೆಲಸ. ಒತ್ತಡದ ಪೆಟ್ರೋಲ್ ಸೋರಿದರೆ ಅಪಾಯವೂ ಹೆಚ್ಚು.

ಇನ್ನು ಭೌತವಿಜ್ಞಾನಕ್ಕೆ ಬರೋಣ. ಕಿರಿದಾದ ಗಂಟಲಿನಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಆಗ ಪೆಟ್ರೋಲ್ ‘ಎಳೆಯಲ್ಪಡುತ್ತದೆ’ ಎಂದು ಪುಸ್ತಕಗಳು ಬರೆಯುತ್ತವೆ. ಎಳೆಯುವುದು ಯಾವುದೂ ಇಲ್ಲ. ತೇಲುಬುಂಡೆಯ ಪಾತ್ರೆಯ ಮೇಲಿರುವ ವಾಯುಮಂಡಲದ ಒತ್ತಡ ಪೆಟ್ರೋಲನ್ನು ಜೆಟ್‌ನ ಮೂಲಕ ತಳ್ಳುತ್ತದೆ, ಅಷ್ಟೆ. ಆದರೆ ಪುಸ್ತಕಗಳ ದೊಡ್ಡ ಕೊರತೆ ಇದಲ್ಲ. ಎಂಜಿನ್‌ಗೆ ಬೇಕಾದದ್ದು ಗಾಳಿ ಮತ್ತು ಪೆಟ್ರೋಲ್‌ಗಳ ದ್ರವ್ಯರಾಶಿಯ ಅನುಪಾತ, ಅಂದರೆ 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ. ಕಾರ್ಬ್ಯುರೇಟರ್ ಅದನ್ನು ಕಾಪಾಡುತ್ತದೆಯೇ ಎಂಬ ಪ್ರಶ್ನೆಯನ್ನು ಅವು ಎತ್ತುವುದೇ ಇಲ್ಲ.

ಬರ್ನೌಲಿ ಸಮೀಕರಣವನ್ನು ಗಾಳಿಗೂ ಪೆಟ್ರೋಲಿಗೂ ಬೇರೆ ಬೇರೆಯಾಗಿ ಬರೆದು ಭಾಗಿಸಿ ನೋಡಿ. ಗಂಟಲಿನ ಒತ್ತಡದ ಇಳಿಕೆ ಎರಡರಲ್ಲೂ ಒಂದೇ ಆದ್ದರಿಂದ ರದ್ದಾಗುತ್ತದೆ. ವೇಗ ಎಷ್ಟಾದರೂ ಅನುಪಾತ ಬಹುಮಟ್ಟಿಗೆ ಸ್ಥಿರವಾಗಿರುವುದು ಇದರಿಂದಲೇ, ಕಾರ್ಬ್ಯುರೇಟರಿನ ಜಾಣತನವೆಲ್ಲ ಇರುವುದೂ ಇಲ್ಲಿಯೇ. ಆದರೆ ಸಾಂದ್ರತೆಗಳು ಉಳಿದುಬಿಡುತ್ತವೆ. ಗಾಳಿಯ ಸಾಂದ್ರತೆ ಇಳಿದಂತೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿ ಏರುತ್ತದೆ. ಅಮೆರಿಕದ ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಪ್ರಮಾಣಿತ ವಾಯುಮಂಡಲದ ಲೆಕ್ಕದಲ್ಲಿ ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 85ರಷ್ಟು. ಕರಾವಳಿಯಲ್ಲಿ 14.7ಕ್ಕೆ ಹೊಂದಿಸಿದ ಕಾರ್ಬ್ಯುರೇಟರ್ ಅಲ್ಲಿ ಶೇ 8ರಷ್ಟು ಹೆಚ್ಚು ಪೆಟ್ರೋಲ್ ಸುರಿದು ಅನುಪಾತವನ್ನು 13.6ಕ್ಕೆ ಇಳಿಸುತ್ತದೆ. ಜೆಟ್ ಬದಲಿಸಿದರೆ ಸರಿಹೋದೀತು. ಕೆಳಗಿಳಿದ ಮೇಲೆ ಮತ್ತೆ ಬದಲಿಸಬೇಕು. ಪಿಸ್ಟನ್ ಎಂಜಿನ್‌ನ ಸಣ್ಣ ವಿಮಾನಗಳಲ್ಲಿ ಇದಕ್ಕೆಂದೇ ಮಿಶ್ರಣದ ಸನ್ನೆಕೋಲೊಂದು ಇರುತ್ತದೆ. ಮೇಲೇರಿದಂತೆಲ್ಲ ಚಾಲಕ ಅದನ್ನು ಕೈಯಿಂದ ಸರಿಪಡಿಸುತ್ತಾನೆ. ಕಾರಿನಲ್ಲಿ ಆ ಕೆಲಸ ಯಾರು ಮಾಡಬೇಕು?

ಇಂಜೆಕ್ಷನ್ ಇದನ್ನು ನೇರವಾಗಿ ಎದುರಿಸುತ್ತದೆ. ಎಲ್‌ಎಸ್1ರ ಗಾಳಿದಾರಿಯಲ್ಲಿ ಒಂದು ಬಿಸಿಯಾದ ಸಂವೇದಕವಿದೆ. ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ. ಅದರ ತಾಪವನ್ನು ಕಾಯ್ದುಕೊಳ್ಳಲು ಬೇಕಾಗುವ ವಿದ್ಯುತ್ತೇ ಗಾಳಿಯ ದ್ರವ್ಯರಾಶಿಯ ಅಳತೆ. ಒಂದು ಸಿಲಿಂಡರಿನ ಗಾತ್ರ ಸುಮಾರು 0.71 ಲೀಟರ್. ಪೂರ್ತಿ ತುಂಬಿದರೆ ಗಾಳಿ ಸುಮಾರು 0.85 ಗ್ರಾಂ, ಅದಕ್ಕೆ ಬೇಕಾದ ಪೆಟ್ರೋಲ್ 58 ಮಿಲಿಗ್ರಾಂ. ಇಂಜೆಕ್ಟರ್ ಕೆಲವೇ ಮಿಲಿಸೆಕೆಂಡು ತೆರೆದು ಅಷ್ಟನ್ನು ಚಿಮ್ಮುತ್ತದೆ. ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸಂವೇದಕ ಫಲಿತಾಂಶ ನೋಡಿ ತಿದ್ದುತ್ತದೆ. ಈ ಸಂವೇದಕ ಒಂದು ವಿದ್ಯುತ್ಕೋಶ. ರಸಾಯನವಿಜ್ಞಾನದ ಅಧ್ಯಾಪಕರು ನೆರ್ನ್‌ಸ್ಟ್ ಸಮೀಕರಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ.

ಹಾಗೆಂದು ಇಂಜೆಕ್ಷನ್ ಪಕ್ಷದವರ ಎಲ್ಲ ಮಾತನ್ನೂ ಒಪ್ಪಬೇಕಾಗಿಲ್ಲ. ‘ಇಂಜೆಕ್ಷನ್ ಹಾಕಿದರೆ ಶಕ್ತಿ ಹೆಚ್ಚುತ್ತದೆ’ ಎನ್ನುವುದು ತಾನಾಗಿ ನಿಜವಾಗುವ ಮಾತಲ್ಲ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ದಾರಿಯಲ್ಲೇ ಆವಿಯಾಗುತ್ತಾ ಗಾಳಿಯಿಂದ ಶಾಖ ಹೀರುತ್ತದೆ. ಗುಪ್ತೋಷ್ಣ ಕಿಲೋಗ್ರಾಮಿಗೆ 350 ಕಿಲೋಜೌಲ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಗಾಳಿ ಹೆಚ್ಚೆಂದರೆ 23 ಡಿಗ್ರಿ ಸೆಲ್ಸಿಯಸ್ ತಣಿಯಬಹುದು. ತಣ್ಣಗಿನ ಗಾಳಿ ದಟ್ಟ, ಸಿಲಿಂಡರಿನೊಳಕ್ಕೆ ಹೆಚ್ಚು ಹೋಗುತ್ತದೆ. ವಾಲ್ವಿನ ಬಳಿಯೇ ಚಿಮ್ಮುವ ಇಂಜೆಕ್ಷನ್‌ಗೆ ಈ ಲಾಭ ಅಷ್ಟಾಗಿ ಸಿಗದು. ಸಮತಟ್ಟಾದ ಪಂದ್ಯದ ಹಾದಿಯಲ್ಲಿ ಥ್ರಾಟಲ್ ಪೂರ್ತಿ ತೆರೆದು ಓಡುವ ಕಾರಿಗೆ ಒಳ್ಳೆಯ ಕಾರ್ಬ್ಯುರೇಟರ್ ಏನೂ ಕಡಿಮೆಯಲ್ಲ.

‘ಗಣಕ ಎಲ್ಲವನ್ನೂ ಸರಿಮಾಡಿಕೊಳ್ಳುತ್ತದೆ’ ಎಂಬುದೂ ಅರ್ಧಸತ್ಯ. ಎಂಜಿನ್ ಬದಲಿಸುವಾಗ ಹೊಗೆಕೊಳವೆಯನ್ನು ಹೊಸದಾಗಿ ಬೆಸೆಯುತ್ತಾರೆ. ಆಕ್ಸಿಜನ್ ಸಂವೇದಕಕ್ಕೆ ಮುಂಚೆ ಆ ಬೆಸುಗೆಯಲ್ಲೊಂದು ಸಣ್ಣ ಬಿರುಕಿದ್ದರೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಗಣಕ ಅದನ್ನು ಪೆಟ್ರೋಲಿನ ಕೊರತೆ ಎಂದು ಭಾವಿಸಿ ಇನ್ನಷ್ಟು ಚಿಮ್ಮುತ್ತದೆ. ಅಳತೆ ತಪ್ಪಿದರೆ ತಿದ್ದುಪಡಿಯೂ ತಪ್ಪುತ್ತದೆ. ಕ್ಯಾಮ್ ದಂಡ ಬದಲಿಸಿದರಂತೂ ಗಣಕದೊಳಗಿನ ಕೋಷ್ಟಕಗಳನ್ನೇ ಮತ್ತೆ ಬರೆಸಬೇಕು.

ಇಷ್ಟೆಲ್ಲ ಆದ ಮೇಲೂ, ದಿನನಿತ್ಯ ರಸ್ತೆಯಲ್ಲಿ ಓಡುವ ಕಾರಿಗೆ ಇಂಜೆಕ್ಷನ್ ಉಳಿಸಿಕೊಳ್ಳುವುದೇ ಸರಿ ಎಂದು ನಾನು ಹೇಳುತ್ತೇನೆ. ಮೂರು ಬಗೆಯ ವಿಷಾನಿಲಗಳನ್ನು ಒಟ್ಟಿಗೆ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುವುದು 14.7ರ ಆಸುಪಾಸಿನ ಬಹಳ ಕಿರಿದಾದ ಪಟ್ಟಿಯಲ್ಲಿ ಮಾತ್ರ. ಬರಿಯ ಕಾರ್ಬ್ಯುರೇಟರ್ ಅಲ್ಲಿ ನಿಲ್ಲಲಾರದು. ಇಂಧನವೂ ಬದಲಾಗುತ್ತಿದೆ. ಶೇ 10 ಎಥನಾಲ್ ಬೆರೆತಾಗ ಸರಿಯಾದ ಅನುಪಾತ ಸುಮಾರು 14.1, ಶೇ 20 ಬೆರೆತಾಗ ಸುಮಾರು 13.5. ಆಕ್ಸಿಜನ್ ಸಂವೇದಕವಿರುವ ಎಂಜಿನ್ ಇದನ್ನು ತಾನೇ ಗ್ರಹಿಸುತ್ತದೆ. ಕಾರ್ಬ್ಯುರೇಟರಿಗೆ ಬಂಕಿನಲ್ಲಿ ಏನು ತುಂಬಿಸಿದರು ಎಂಬುದೇ ತಿಳಿಯದು. ಶೇ 20ರ ಪೆಟ್ರೋಲ್ 2025ರ ವೇಳೆಗೆ ನಮ್ಮಲ್ಲೂ ಸಾಮಾನ್ಯವಾಗಿರುವುದರಿಂದ ಹಳೆಯ ಸ್ಕೂಟರ್, ಬೈಕ್ ಇಟ್ಟುಕೊಂಡವರಿಗೆ ಇದು ಮನೆಯ ಪ್ರಶ್ನೆ.

ನಮ್ಮ ಓದುಗರು ಇದನ್ನು ಓದಿ ಎಂಜಿನ್ ಬದಲಿಸಲು ಹೊರಡುವುದು ಬೇಡ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ವಾಹನಗಳಲ್ಲಿ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮಾಯವಾಗಿದೆ. ಹಾಗೆಂದು ಅದನ್ನು ಪಾಠದಿಂದ ತೆಗೆಯಬೇಕಿಲ್ಲ. ಮಂಗಳೂರಿನಲ್ಲಿ ಹೊಂದಿಸಿದ ಹಳೆಯ ಬೈಕು ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಹತ್ತಿದರೆ ಮಿಶ್ರಣ ಎಷ್ಟು ಬದಲಾಗುತ್ತದೆ ಎಂದು ತರಗತಿಯಲ್ಲಿ ಕೇಳಿ. ಉತ್ತರ ಶೇ 6ರ ಹತ್ತಿರ ಬರಬೇಕು.