ಪುಸ್ತಕಗಳು ಹೊರಟುಹೋದ ಮನೆಗಳು: ಉಡುಪಿಯಿಂದ ತಲಶ್ಶೇರಿಯವರೆಗಿನ ಸಣ್ಣ ವಸ್ತುಸಂಗ್ರಹಾಲಯಗಳ ಒಂದು ಓದು

ಗೋವಿಂದ ಪೈಗಳ ಮನೆ ಮಂಜೇಶ್ವರದಲ್ಲಿದೆ. ಅವರ ಪುಸ್ತಕಗಳು ಉಡುಪಿಯಲ್ಲಿವೆ. ಹೆರ್ಮನ್ ಗುಂಡರ್ಟ್ ಅವರು ಇಪ್ಪತ್ತು ವರ್ಷ ಬಾಳಿದ ಬಂಗಲೆ ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿದೆ. ಅವರು ಕೂಡಿಹಾಕಿದ ಮಲಯಾಳ ಹಸ್ತಪ್ರತಿಗಳು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿವೆ. ಮನೆ ಒಂದೆಡೆ, ಆ ಮನೆಯಲ್ಲಿ ಓದಿದ್ದು ಬರೆದದ್ದು ಇನ್ನೊಂದೆಡೆ. ಈ ಕರಾವಳಿಯ ಸಣ್ಣ ವಸ್ತುಸಂಗ್ರಹಾಲಯಗಳನ್ನು ಒಂದೇ ಪ್ರಯಾಣದಲ್ಲಿ ನೋಡುವವರಿಗೆ ಈ ಅಗಲಿಕೆ ಒಂದೆರಡು ಊರುಗಳ ಆಕಸ್ಮಿಕವಾಗಿ ತೋರುವುದಿಲ್ಲ. ಈ ಭಾಗದ ಸಂಗ್ರಹಾಲಯ ಸಂಸ್ಕೃತಿಯೇ ಅದರ ಮೇಲೆ ನಿಂತಂತಿದೆ. ಪ್ರವಾಸದ ಕೈಪಿಡಿಗಳು ಈ ತಾಣಗಳ ಬಗ್ಗೆ ಬೇಕಾದಷ್ಟು ಬರೆದಿವೆ. ಆದರೆ ಇವುಗಳನ್ನು ಪಠ್ಯಗಳೆಂದು ಓದಿ, ಯಾವುದನ್ನು ಇಟ್ಟುಕೊಂಡಿವೆ, ಯಾವುದನ್ನು ಕಳೆದುಕೊಂಡಿವೆ, ಯಾವ ಭಾಷೆಯಲ್ಲಿ ಮಾತನಾಡುತ್ತವೆ ಎಂದು ಕೇಳಿದ ವಿಮರ್ಶೆ ವಿರಳ.

ಇಲ್ಲಿನ ಸಂಗ್ರಹಾಲಯಗಳಲ್ಲಿ ಹೆಚ್ಚಿನವು ಮೊದಲು ಮನೆಗಳಾಗಿದ್ದವು ಎಂಬುದನ್ನು ಗಮನಿಸಬೇಕು. ಮೈಸೂರು, ತಿರುವಿತಾಂಕೂರು, ಬರೋಡಗಳಲ್ಲಿ ಅರಸೊತ್ತಿಗೆ ತನ್ನ ಸಂಗ್ರಹಕ್ಕೆಂದೇ ಕಟ್ಟಡ ಕಟ್ಟಿಸಿತು, ಇಲ್ಲವೇ ಅರಮನೆಯನ್ನೇ ಬಿಟ್ಟುಕೊಟ್ಟಿತು. ಕೆನರಾ ಮತ್ತು ಮಲಬಾರಿನಲ್ಲಿ ಆ ಕೆಲಸ ವರ್ತಕ, ವೈದ್ಯ, ಪಾದ್ರಿ, ಕವಿ ಇಂಥವರ ಮನೆಗಳ ಪಾಲಿಗೆ ಬಂತು. ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ ಕರ್ನಲ್ ವಿ.ಆರ್. ಮಿರಜಕರ್ ಎಂಬ ಶಸ್ತ್ರವೈದ್ಯರು ತಾಯಿಯ ನೆನಪಿಗೆ ದಾನವಾಗಿ ಕೊಟ್ಟ ಮನೆ. ಹಡಗಿನ ಆಕಾರದ ಆ ಕಟ್ಟಡ 1960ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಉಡುಪಿಯ ನಾಣ್ಯ ಸಂಗ್ರಹಾಲಯ 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆ. ಬ್ಯಾಂಕು 2020ರಲ್ಲಿ ವಿಲೀನಗೊಂಡು ಹೆಸರನ್ನೇ ಕಳೆದುಕೊಂಡಿತು, ನಾಣ್ಯಗಳು ಉಳಿದವು. ಕಣ್ಣೂರಿನ ಅರಕ್ಕಲ್ ಸಂಗ್ರಹಾಲಯ ಅಲಿ ರಾಜರ ಮನೆತನದ 'ಕೆಟ್ಟಿ'ನ ದರ್ಬಾರು ಭಾಗ. ಇಂಥ ಕಡೆಗಳಲ್ಲಿ ಪ್ರದರ್ಶನದ ಮೊದಲ ವಸ್ತು ಮನೆಯೇ. ನೋಡುಗನು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುವ ಮೊದಲೇ ಹೊಸ್ತಿಲು, ಮಾಡು, ಜಗಲಿಗಳನ್ನು ಓದಿ ಮುಗಿಸಿರುತ್ತಾನೆ. ಮನೆ ಎಷ್ಟು ಗಟ್ಟಿಯಾಗಿ ಮಾತನಾಡುತ್ತದೆಂದರೆ, ಅದರೊಳಗೆ ಯಾವ ಯಾವ ಭಾಷೆಗಳಲ್ಲಿ ಬದುಕು ನಡೆದಿತ್ತೆಂದು ಕೇಳುವುದನ್ನೇ ಅವನು ಮರೆಯುತ್ತಾನೆ.

ಆ ಪ್ರಶ್ನೆಗೆ ಇಲ್ಲಿ ವಿಶೇಷವಾದ ತೂಕವಿದೆ. 1956ರ ನವೆಂಬರ್ 1ರವರೆಗೆ ಉಡುಪಿ, ಮಂಗಳೂರು, ಮಂಜೇಶ್ವರ, ಕಾಸರಗೋಡುಗಳು ಮದರಾಸು ಆಡಳಿತದ ಒಂದೇ ಜಿಲ್ಲೆಯಾಗಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಬಿಜೈಯ ಸಂಗ್ರಹಾಲಯ ಬಾಗಿಲು ತೆರೆದದ್ದು ಗೆರೆ ಬಿದ್ದ ನಾಲ್ಕೇ ವರ್ಷಕ್ಕೆ. ಹಾಗಾಗಿ ಈ ಕರಾವಳಿಯಲ್ಲಿ ಸರಕಾರದ ವಸ್ತುಸಂಗ್ರಹಾಲಯ ಎಂಬ ಕಲ್ಪನೆ ಬೇರೂರಿದ್ದೇ ಗೆರೆಯ ಎರಡು ಬದಿಗಳಲ್ಲಿ ಎರಡು ಇಲಾಖೆಗಳ ಕೂಸಾಗಿ. ಒಂದು ಬದಿಯ ಕಥೆ ತಲಪಾಡಿಗೆ ನಿಲ್ಲುತ್ತದೆ, ಇನ್ನೊಂದು ಬದಿಯದು ಅಲ್ಲಿಂದ ಆರಂಭವಾಗುತ್ತದೆ. ವಸ್ತುಗಳಿಗೆ ಮಾತ್ರ ತಲಪಾಡಿ ಗೊತ್ತಿರಲಿಲ್ಲ.

ಗೋವಿಂದ ಪೈಗಳ ಮನೆ ಈ ಸ್ಥಿತಿಯನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುತ್ತದೆ. ಪೈಗಳು ಹುಟ್ಟಿದ್ದು 1883ರಲ್ಲಿ, ತೀರಿಕೊಂಡದ್ದು 1963ರಲ್ಲಿ. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಕಾವ್ಯದ ಭಾಷೆ ಕನ್ನಡ. ಓದಿನ ಭಾಷೆಗಳನ್ನು ಎಣಿಸುವುದೇ ಕಷ್ಟ. ಕ್ರಿಸ್ತನ ಕೊನೆಯ ದಿನವನ್ನು ಕುರಿತ 'ಗೊಲ್ಗೊಥಾ', ಬುದ್ಧನ ಕೊನೆಯ ದಿನವನ್ನು ಕುರಿತ 'ವೈಶಾಖಿ' ಎರಡೂ ಮಂಜೇಶ್ವರದ ಈ ಕವಿಯವು. ಜಪಾನಿನ ನೋ ನಾಟಕಗಳೂ ಅವರಿಂದ ಕನ್ನಡಕ್ಕೆ ಬಂದವು. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. ಏಳು ವರ್ಷ ಕಳೆಯುವಷ್ಟರಲ್ಲಿ ಅವರ ಅಂಗಳ ಕೇರಳವಾಗಿತ್ತು. ಬದುಕಿನ ಕೊನೆಯ ಏಳು ವರ್ಷ ಅವರು ಕನ್ನಡದ ರಾಷ್ಟ್ರಕವಿಯಾಗಿಯೂ ಕೇರಳದ ಭಾಷಾ ಅಲ್ಪಸಂಖ್ಯಾತರಾಗಿಯೂ ಅದೇ ಮನೆಯಲ್ಲಿ ಬಾಳಿದರು. ಅವರ ಮೊದಲ ಕವನಸಂಕಲನದ ಹೆಸರಾದ 'ಗಿಳಿವಿಂಡು' ಇಂದು ಆ ಮನೆಯನ್ನೊಳಗೊಂಡ ಸ್ಮಾರಕ ಸಂಕೀರ್ಣದ ಹೆಸರು. ಎರಡೂ ರಾಜ್ಯಗಳ ಸರಕಾರಗಳು ಇದಕ್ಕೆ ನೆರವಾಗಿವೆ, ಮತ್ತು ಆ ಸಂಗತಿಯನ್ನು ಹಗುರವಾಗಿ ಕಾಣಬಾರದು. ಈ ಗಡಿಯಲ್ಲಿ ಎರಡು ಸರಕಾರಗಳು ಒಂದು ಕಲ್ಲನ್ನು ಕೂಡಿ ಎತ್ತಿದ ಉದಾಹರಣೆಗಳು ಹೆಚ್ಚಿಲ್ಲ.

ಆದರೆ ಇಷ್ಟೊಂದು ಭಾಷೆಗಳನ್ನು ಓದಿದ ಮನುಷ್ಯನ ಮನೆಗೆ ಜೀವವೆಂದರೆ ಅವನ ಪುಸ್ತಕದ ಕಪಾಟು. ಅದು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ, ಪೈಗಳ ಹೆಸರಿನ ಸಂಶೋಧನ ಕೇಂದ್ರದಲ್ಲಿದೆ. ಇದನ್ನು ಅನ್ಯಾಯವೆಂದು ಕರೆಯುವುದು ಸುಲಭ, ಮತ್ತು ತಪ್ಪು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಗೆದ್ದಲಿಗೆ ಎಂದೂ ಬರಗಾಲವಿಲ್ಲದ ನಾಡಿನಲ್ಲಿ ಕಾಗದವನ್ನು ಉಳಿಸುವುದು ಪ್ರೀತಿಯಲ್ಲ, ದಿನನಿತ್ಯ ಒರಸುವ ಕೈ. ಆ ಕೈ ಉಡುಪಿಯಲ್ಲಿತ್ತು. ಅಲ್ಲಿಗೆ ಹೋದ ಪುಸ್ತಕಗಳು ಸುಮ್ಮನೆ ಕೂರಲೂ ಇಲ್ಲ: ಅದೇ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ತುಳು ನಿಘಂಟು ಆರು ಸಂಪುಟಗಳಲ್ಲಿ ಹೊರಬಂತು. ಕೊಂಕಣಿ ಮನೆಮಾತಿನ ಕನ್ನಡ ಕವಿಯ ಹೆಸರಿನ ಸಂಸ್ಥೆ ತುಳುವಿಗೆ ನಿಘಂಟು ಕೊಟ್ಟಿತೆಂಬುದು ಮಂಜೇಶ್ವರದ ಮನೆಯ ಕಥೆಯ ಮುಂದುವರಿದ ಅಧ್ಯಾಯವೇ ಸರಿ. ದೂರಬೇಕಾದದ್ದು ಪುಸ್ತಕಗಳು ಹೋದದ್ದನ್ನಲ್ಲ. ಹೋದ ಪುಸ್ತಕಗಳ ನೆರಳಾದರೂ ಮನೆಯಲ್ಲಿ ಉಳಿಯಬೇಕೆಂದು ಯೋಜಿಸದೆ ಬಿಟ್ಟದ್ದನ್ನು ದೂರಬೇಕು. ಯಾವ ಕಪಾಟಿನಲ್ಲಿ ಯಾವ ಭಾಷೆಯ ಗ್ರಂಥವಿತ್ತು, ಯಾವುದರ ಅಂಚಿನಲ್ಲಿ ಪೈಗಳ ಪೆನ್ಸಿಲು ಓಡಾಡಿತ್ತು ಎಂದು ತಿಳಿಸುವ ಒಂದು ಪಟ್ಟಿ, ಕೆಲವು ಪುಟಗಳ ಪ್ರತಿಚಿತ್ರ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿಯುವ ಮಗುವಿಗೆ ಪೈಗಳು ಒಬ್ಬ ಓದುಗನಾಗಿ ಕಾಣಬೇಕಾದದ್ದು ಇಂಥ ಪಟ್ಟಿಯಲ್ಲಿ. ಪ್ರತಿಮೆ, ಭಾವಚಿತ್ರಗಳಿಂದ ಅದು ಆಗುವ ಕೆಲಸವಲ್ಲ.

ಗುಂಡರ್ಟ್ ಬಂಗಲೆಯ ಕಥೆ ಇದಕ್ಕೆ ಹೊಂದಿಯೂ ಹೊಂದದು. 1839ರಿಂದ 1859ರವರೆಗೆ ಅವರು ಅಲ್ಲಿದ್ದರು. ಮಲಯಾಳದ ಮೊದಲ ಪತ್ರಿಕೆ 'ರಾಜ್ಯಸಮಾಚಾರಂ' 1847ರಲ್ಲಿ ಅಲ್ಲಿಯೇ ಕಲ್ಲಚ್ಚಿನಲ್ಲಿ ಹೊರಟಿತು. ಮಗಳು ಮೇರಿ ತಲಶ್ಶೇರಿಯಲ್ಲಿ ಹುಟ್ಟಿದಳು; ಅವಳ ಮಗ ಕಾದಂಬರಿಕಾರ ಹೆರ್ಮನ್ ಹೆಸ್ಸೆ. (ಹೆಸ್ಸೆಯ ಓದುಗರಲ್ಲಿ ಕೆಲವರು ಗುಂಡರ್ಟ್ ಯಾರೆಂದು ತಿಳಿಯದೆಯೇ ಈ ಮೆಟ್ಟಿಲು ಹತ್ತುವುದುಂಟು. ಮೊಮ್ಮಗನಿಂದ ಅಜ್ಜನಿಗೆ ಬರುವ ದಾರಿಯೂ ಒಂದು ದಾರಿಯೇ.) ಈಗ ಸಂಗ್ರಹಾಲಯವಾಗಿರುವ ಬಂಗಲೆ ಮಲಯಾಳ ಭಾಷೆಯ ಒಂದು ತವರಾಗಿ ಹೆಸರು ಪಡೆದಿದೆ. ಆ ಚೌಕಟ್ಟು ಸುಳ್ಳಲ್ಲ, ಇಕ್ಕಟ್ಟಿನದು. ಗುಂಡರ್ಟ್ ಬಾಸೆಲ್ ಮಿಶನ್ನಿಗೆ ಸೇರಿದ್ದು ಮಂಗಳೂರಿನಲ್ಲಿ, ಗೆಳೆಯ ಹೆರ್ಮನ್ ಮೊಗ್ಲಿಂಗ್ ಅವರ ಜೊತೆಯಲ್ಲಿ. ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಮುಂದೆ ಅವರ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಬರೆದವರು ಗುಂಡರ್ಟ್. 'ಮಂಗಳೂರ ಸಮಾಚಾರ', 'ರಾಜ್ಯಸಮಾಚಾರಂ' ಇವೆರಡನ್ನೂ ಎರಡು ಭಾಷೆಗಳ ಪ್ರತ್ಯೇಕ ಜನ್ಮಕಥೆಗಳೆಂದು ಹೇಳುವುದು ಇಂದಿನ ಪಾಠಪುಸ್ತಕಗಳ ವಾಡಿಕೆ. ಅವು ಒಂದೇ ಸಂಸ್ಥೆಯ, ಒಂದೇ ತಂತ್ರದ, ಇಬ್ಬರು ಗೆಳೆಯರ ನಾಲ್ಕು ವರ್ಷದ ಅಂತರದ ಕೆಲಸಗಳು. ಇನ್ನೂ ಹೆಚ್ಚು ಹೇಳುವ ಸಂಗತಿಯೆಂದರೆ, ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಅದೇ ಮುದ್ರಣಾಲಯದಿಂದ 1886ರಲ್ಲಿ ಮ್ಯಾನರರ ತುಳು ನಿಘಂಟು, 1894ರಲ್ಲಿ ಕಿಟ್ಟೆಲ್ಲರ ಕನ್ನಡ ನಿಘಂಟು ಬಂದವು. ಇಪ್ಪತ್ತೆರಡು ವರ್ಷಗಳಲ್ಲಿ ಮೂರು ಭಾಷೆಗಳ ಮೂರು ಕೋಶಗಳು ಒಂದೇ ಮಾಡಿನ ಕೆಳಗಿನಿಂದ! ಈ ಮೂರನ್ನೂ ಒಂದೇ ಮೇಜಿನ ಮೇಲೆ ತೆರೆದಿಡುವ ಕೋಣೆಯೊಂದೇ ಈ ಕರಾವಳಿಗೆ ಬೇಕಾಗಿರುವ ಸಂಗ್ರಹಾಲಯ.

ಟ್ಯೂಬಿಂಗನ್ನಿಗೆ ಹೋದ ಗುಂಡರ್ಟರ ಹಸ್ತಪ್ರತಿಗಳನ್ನು ಆ ವಿಶ್ವವಿದ್ಯಾಲಯ ಅಂಕೀಕರಿಸಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಆದ್ದರಿಂದ ಇಲ್ಲಿಕ್ಕುನ್ನಿನ ಗುಡ್ಡದ ಮೇಲೆ ಮೊಬೈಲು ಹಿಡಿದು ನಿಂತವನು ಈ ಮನೆಯ ಕಾಗದಗಳನ್ನು ಈ ಮನೆಯಲ್ಲೇ ಓದಬಲ್ಲ. ಏಳು ಸಮುದ್ರದಾಚೆ ಹೋದ ಕಾಗದ ಹಿಂದಿರುಗಿತು ಎನ್ನೋಣ.

ಕಣ್ಣೂರಿನ ಅರಕ್ಕಲ್ ಕೆಟ್ಟಿನಲ್ಲಿ ತೊಡಕು ಬೇರೆ ಬಗೆಯದು. ಮನೆತನದ ಹಿರಿಯ ವ್ಯಕ್ತಿ ಗಂಡಾಗಲಿ ಹೆಣ್ಣಾಗಲಿ ಪಟ್ಟಕ್ಕೆ ಬರುತ್ತಿದ್ದ, ಬೀವಿಯರು ಆಳಿದ ಮನೆಯಿದು. ಅಳಿಯಸಂತಾನದ ನಾಡಿನಿಂದ ಹೋದ ನೋಡುಗನಿಗೆ ಇದು ಅಪರಿಚಿತ ವ್ಯವಸ್ಥೆಯೇನೂ ಅಲ್ಲ. ಅರಕ್ಕಲ್‌ನ ಹಿರಿಮೆಯ ಕಥೆ ಲಕ್ಷದ್ವೀಪದ ಒಡೆತನದ ಕಥೆಯೂ ಹೌದು. ಆದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಕೈಸೇರಿ, 1799ರ ಬಳಿಕ ಕೆನರಾಕ್ಕೆ ಸೇರಿ, 1956ರವರೆಗೆ ಮಂಗಳೂರಿನ ಆಡಳಿತದಲ್ಲಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ದ್ವೀಪಗಳ ಅರ್ಧ ಚರಿತ್ರೆ ಕಣ್ಣೂರಿನಲ್ಲಿ, ಇನ್ನರ್ಧ ಮಂಗಳೂರಿನಲ್ಲಿ ಎಂದಾಗ ಬಿಜೈಯ ಮನೆಗೂ ಅರಕ್ಕಲ್ ಮನೆಗೂ ನಡುವೆ ಒಂದು ಹಡಗುದಾರಿಯಿದೆ. ಎರಡೂ ಮನೆಗಳನ್ನು ಒಂದೇ ವಾರದಲ್ಲಿ ನೋಡಿದವನು ಆ ದಾರಿಯನ್ನು ತಾನೇ ಊಹಿಸಿಕೊಳ್ಳಬೇಕಾಗಿದೆ.

ಚಿತ್ರಶಾಲೆಗಳ ಮಾತು ಇಲ್ಲಿ ಸಂಕ್ಷಿಪ್ತ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳಗಿದ ಕೆ.ಕೆ. ಹೆಬ್ಬಾರರ ಹೆಸರಿನ ಚಿತ್ರಶಾಲೆ ಮಣಿಪಾಲದಲ್ಲಿದೆ. ಮನೆಗಳು ಕಾಗದವನ್ನು ಕಳುಹಿಸಿಕೊಟ್ಟರೆ ಚಿತ್ರಶಾಲೆ ಹೊರಗೆ ಹೋದವನನ್ನು ಮರಳಿ ಕರೆಸಿಕೊಂಡಿತು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದ ಇಟಲಿಯ ಆಂಟೋನಿಯೊ ಮೊಸ್ಕೇನಿ ಕೆಲವೇ ವರ್ಷಗಳಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಗೋಡೆಯ ಮೇಲಿನ ಚಿತ್ರ ಗೋಡೆ ಬಿಟ್ಟು ಹೋಗಲಾರದು. ವಿಜಯನಾಥ ಶೆಣೈಯವರ ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮಾತ್ರ ಮನೆಗಳೇ ಪ್ರಯಾಣ ಮಾಡಿವೆ. ಕುಕನೂರಿನ ಕಮಲ ಮಹಲು, ಹುಮನಾಬಾದಿನ ನವಾಬರ ಮಹಲು ಬಿಚ್ಚಿಸಿಕೊಂಡು ಬಂದು ಕರಾವಳಿಯ ಮಳೆಗೆ ಮೈಯೊಡ್ಡಿ ನಿಂತಿವೆ. ಬಿದ್ದುಹೋಗುತ್ತಿದ್ದುದನ್ನು ಒಬ್ಬ ಮನುಷ್ಯ ಹಟದಿಂದ ಉಳಿಸಿದ ಈ ಸಾಹಸಕ್ಕೆ ಮನಸ್ಸು ತಲೆಬಾಗುತ್ತದೆ. ಊರಿಲ್ಲದ ಮನೆಯನ್ನು ಹೇಗೆ ಓದಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಎಲ್ಲಕ್ಕಿಂತ ಬಡ ವಸ್ತುಗಳಿರುವ ತಾಣ ಬಂಟ್ವಾಳದ್ದು: ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತುಸಂಗ್ರಹಾಲಯ. ನೇಗಿಲು, ಅಳತೆಯ ಪಾತ್ರೆ, ಅಡುಗೆಮನೆಯ ಸಲಕರಣೆಗಳ ನಡುವೆ ವಿಮರ್ಶೆಯ ಪ್ರಶ್ನೆ ಅತ್ಯಂತ ಸರಳವಾಗಿ ಎದುರು ನಿಲ್ಲುತ್ತದೆ. ಈ ಕರಾವಳಿಯ ಯಾವ ಹೊಲದಲ್ಲೂ ಕಾಣಬಹುದಾಗಿದ್ದ ಅಡಿಕೆಯ ಹಾಳೆಯ ಟೊಪ್ಪಿಯನ್ನೇ ಗಮನಿಸಬಹುದು. ತುಳುವಿನಲ್ಲಿ ಅದು ಮುಟ್ಟಾಳೆ. ಅದನ್ನು ಮಾಡುವ ಹಾಳೆ ಕನ್ನಡದಲ್ಲಿ 'ಹಾಳೆ', ತುಳುವಿನಲ್ಲಿ 'ಪಾಳೆ', ಮಲಯಾಳದಲ್ಲಿ 'ಪಾಳ'. ಪಕಾರ ಹಕಾರವಾದ ಕನ್ನಡದ ಚರಿತ್ರೆ, ಹಾಗಾಗದೆ ಉಳಿದ ನೆರೆಯ ಭಾಷೆಗಳ ಚರಿತ್ರೆ ಒಂದು ಟೊಪ್ಪಿಯ ಮೇಲಿದೆ. ವಸ್ತುಸಂಗ್ರಹಾಲಯದ ವಾಡಿಕೆಯ ಫಲಕ ಹೆಸರು, ಕಾಲ, ದ್ರವ್ಯ, ದೊರೆತ ಸ್ಥಳ ಎಂಬ ನಾಲ್ಕು ಸಾಲಿನದು. ಆ ಮೊದಲ ಸಾಲಿನಲ್ಲಿ ಒಂದೇ ಹೆಸರಿಗೆ ಜಾಗ. ಯಾವ ಹೆಸರು ಬರೆದರೂ ಉಳಿದ ಎರಡು ಭಾಷೆಯವರು ಅತಿಥಿಗಳಾಗುತ್ತಾರೆ. ಕಿಟ್ಟೆಲ್ಲರ ಕೋಶ ಈ ತಪ್ಪು ಮಾಡಲಿಲ್ಲ. ಕನ್ನಡ ಪದದ ಪಕ್ಕದಲ್ಲೇ ತಮಿಳು, ಮಲಯಾಳ, ತೆಲುಗು, ತುಳುವಿನ ನೆಂಟ ರೂಪಗಳನ್ನು ಕೂರಿಸುವುದು ಅದರ ಕ್ರಮ. 1894ರ ಒಂದು ನಮೂದು ಇಂದಿನ ಫಲಕಕ್ಕಿಂತ ಒಳ್ಳೆಯ ಸಂಗ್ರಹಾಲಯವಾಗಿದೆ ಎಂದರೆ ಅತಿಶಯೋಕ್ತಿಯಲ್ಲ.

ಫಲಕವನ್ನು ತಿದ್ದಲು ಹಣ ಬೇಕಿಲ್ಲ, ಕಟ್ಟಡವೂ ಬೇಕಿಲ್ಲ. ಮೂರು ನಿಘಂಟುಗಳೂ ಕೈಗೆ ಸಿಗುತ್ತವೆ. ಮಂಜೇಶ್ವರದ ಮನೆಯ ಕೋಣೆಗೆ ಬೇಕಾದ ಪಟ್ಟಿಯನ್ನು ಸಿದ್ಧಪಡಿಸಲು ಮಾತ್ರ ಯಾರಾದರೂ ಬೆಳಿಗ್ಗೆ ಹೊರಟು, ತಲಪಾಡಿ ದಾಟಿ, ನೇತ್ರಾವತಿಯ ಸೇತುವೆ ದಾಟಿ, ಉಡುಪಿಯ ಕಾಲೇಜಿನ ಕಪಾಟುಗಳ ಮುಂದೆ ಕೂತು, ಒಂದೊಂದೇ ಪುಸ್ತಕದ ಮೊದಲ ಪುಟ ತೆರೆದು ಬರೆದುಕೊಳ್ಳಬೇಕು.